ಮಾತನ್ನು ಬಿಟ್ಟ ಹಾಡು: ಜೆಫ್ ಬೆಕ್ ಮತ್ತು ‘ಬ್ಲೋ ಬೈ ಬ್ಲೋ’

ಪಾಶ್ಚಾತ್ಯರ ರಾಕ್ ಸಂಗೀತವು ಹುಟ್ಟಿನಿಂದಲೂ ಗಾಯಕನನ್ನು ನಡುವೆ ನಿಲ್ಲಿಸಿಕೊಂಡು ಬೆಳೆದ ಸಂಗೀತ. ಅದರಲ್ಲಿ ಗಿಟಾರು, ಡ್ರಮ್ಸ್ ಮೊದಲಾದ ವಾದ್ಯಗಳು ಎಷ್ಟೇ ಅಬ್ಬರದಿಂದ ನುಡಿಯಲಿ, ಕೇಳುವವರು ಹಾಡನ್ನು ನೆನಪಿನಲ್ಲಿಟ್ಟುಕೊಳ್ಳುವುದು ಹಾಡಿದವನ ಕಂಠದಿಂದ, ಆ ಕಂಠವು ಉಚ್ಚರಿಸಿದ ಮಾತುಗಳಿಂದ. ಗಿಟಾರುವಾದಕನಿಗೆ ಸಾಮಾನ್ಯವಾಗಿ ದೊರೆಯುವುದು ಎರಡು ಚರಣಗಳ ನಡುವಣ ಬಿಡುವು ಮಾತ್ರ. ಹೀಗಿರಲು, ಗಾಯಕನನ್ನು ಸಂಪೂರ್ಣವಾಗಿ ಕೈಬಿಟ್ಟು, ಒಂದು ದೊಡ್ಡ ಧ್ವನಿಮುದ್ರಿಕೆಯ ಎರಡು ಮಗ್ಗುಲುಗಳನ್ನೂ ಗಿಟಾರಿನ ಆಧಾರದಿಂದಲೇ ನಡಸುವುದು ಸಾಧ್ಯವೇ? ಸಾಧ್ಯವಾದರೆ, ಹಾಡಿನಲ್ಲಿ ಮಾತು ಹೊರುತ್ತಿದ್ದ ಭಾರವನ್ನು ಅಲ್ಲಿ ಯಾವುದು ಹೊರುತ್ತದೆ? ಈ ಪ್ರಶ್ನೆಗಳನ್ನು ನಾವಿಲ್ಲಿ ಇಂಗ್ಲೆಂಡಿನ ಗಿಟಾರುವಾದಕ ಜೆಫ್ ಬೆಕ್ 1975ರಲ್ಲಿ ಹೊರತಂದ ‘ಬ್ಲೋ ಬೈ ಬ್ಲೋ’ ಎಂಬ ಧ್ವನಿಮುದ್ರಿಕೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವೆವು. ಸಾಹಿತ್ಯದ ವಿದ್ಯಾರ್ಥಿಗಳಿಗೂ ಈ ಪ್ರಶ್ನೆ ಹೊರಗಿನದೇನೂ ಅಲ್ಲ. ಶಬ್ದವು ಅರ್ಥವನ್ನು ಬಿಟ್ಟ ಮೇಲೂ ಭಾವವನ್ನು ತಿಳಿಸಬಲ್ಲದೇ ಎಂಬುದು ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹು ಹಿಂದೆಯೇ ಎದ್ದ ಚರ್ಚೆ.

ಮಾತಿಲ್ಲದ ಗಿಟಾರು ಸಂಗೀತವು ಈ ಮುದ್ರಿಕೆಯಿಂದಲೇ ಮೊದಲಾಯಿತೆಂದು ಹೇಳುವಂತಿಲ್ಲ. ಅಮೆರಿಕದ ಲೆಸ್ ಪಾಲ್ ತನ್ನ ಗಿಟಾರಿನ ನುಡಿಯನ್ನೇ ಒಂದರ ಮೇಲೊಂದಾಗಿ ಮುದ್ರಿಸಿ, ಒಬ್ಬನೇ ಒಂದು ಮೇಳವಾಗಿ ಕೇಳಿಸುವ ವಿದ್ಯೆಯನ್ನು 1948ರಷ್ಟು ಹಿಂದೆಯೇ ತೋರಿಸಿದ್ದನು. 1960ರಲ್ಲಿ ಇಂಗ್ಲೆಂಡಿನ ‘ಷ್ಯಾಡೋಸ್’ ತಂಡದ ‘ಅಪಾಚೆ’, ಅಮೆರಿಕದ ‘ವೆಂಚರ್ಸ್’ ತಂಡದ ‘ವಾಕ್, ಡೋಂಟ್ ರನ್’ ಎಂಬ ವಾದ್ಯರಚನೆಗಳು ಜನಪ್ರಿಯವಾಗಿದ್ದವು. ಆದರೆ ಅವೆಲ್ಲ ಎರಡು ಮೂರು ನಿಮಿಷಗಳ ರಚನೆಗಳು. ಅವುಗಳಲ್ಲಿ ಗಿಟಾರು ಒಂದು ಮಟ್ಟನ್ನು ನೆಟ್ಟಗೆ, ಚೊಕ್ಕಟವಾಗಿ ನುಡಿದು ಮುಗಿಸುತ್ತದೆ. ಮಟ್ಟು ಚೆನ್ನಾಗಿದ್ದರೆ ಕಿವಿಗೆ ಹಿತ, ಅಷ್ಟೇ. ಮುಕ್ಕಾಲು ಗಂಟೆ ಕೇಳುವವನನ್ನು ಹಿಡಿದು ಕೂರಿಸಬೇಕಾದ ಕಷ್ಟ ಅವುಗಳಿಗೆ ಇರಲಿಲ್ಲ. ಬೀಟಲ್ಸ್ ತಂಡದ ಪ್ರಭಾವ ಹಬ್ಬಿದ ಮೇಲಂತೂ ಹಾಡುವವರೇ ಮುಂದಾಗಿ, ಈ ಬಗೆಯ ವಾದ್ಯರಚನೆಗಳು ಹಿಂದೆ ಸರಿದವು.

ಬೆಕ್ ಹುಟ್ಟಿದ್ದು 1944ರ ಜೂನ್ 24ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ವಾಲಿಂಗ್ಟನ್ನಿನಲ್ಲಿ. 1965ರಲ್ಲಿ ಎರಿಕ್ ಕ್ಲ್ಯಾಪ್ಟನ್ ಬಿಟ್ಟುಹೋದ ಸ್ಥಾನಕ್ಕೆ ‘ಯಾರ್ಡ್‌ಬರ್ಡ್ಸ್’ ತಂಡವನ್ನು ಸೇರಿ ಹೆಸರು ಮಾಡಿದನು. ಅದನ್ನು ಬಿಟ್ಟ ಬಳಿಕ, 1967ರಲ್ಲಿ, ಅವನ ಹೆಸರಿನಲ್ಲಿ ಬಂದ ಮೊದಲ ಚಿಕ್ಕ ಮುದ್ರಿಕೆಯು ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದ ಸಾಕ್ಷ್ಯ. ಅದರ ಮೇಲ್ಮಗ್ಗುಲಲ್ಲಿ ‘ಹಾಯ್ ಹೋ ಸಿಲ್ವರ್ ಲೈನಿಂಗ್’ ಎಂಬ ಲಘುವಾದ ಹಾಡು. ಅದನ್ನು ಹಾಡಿದವನು ಬೆಕ್‌ನೇ. ಹಾಡು ಇಂಗ್ಲೆಂಡಿನಲ್ಲಿ ಚೆನ್ನಾಗಿ ಓಡಿತು. ಆದರೆ ತನ್ನ ಕಂಠವನ್ನು ಅವನು ಮೆಚ್ಚಲಿಲ್ಲ, ಮುಂದೆ ಹಾಡುವುದನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟನು. ಅದೇ ಮುದ್ರಿಕೆಯ ಹಿಂಬದಿಯಲ್ಲಿ, ಯಾರೂ ಹಾಡದ ‘ಬೆಕ್ಸ್ ಬೊಲೆರೊ’ ಎಂಬ ಗಿಟಾರು ರಚನೆಯಿತ್ತು. ಅಂಗಡಿಯವರ ಲೆಕ್ಕದಲ್ಲಿ ಮುಖ್ಯವಾದುದು ಮೇಲಿನ ಮಗ್ಗುಲು. ಬೆಕ್‌ನ ಮುಂದಿನ ದಾರಿ ಅಡಗಿದ್ದದ್ದು ಕೆಳಗಿನ ಮಗ್ಗುಲಲ್ಲಿ.

ಆ ದಾರಿಯನ್ನು ಹಿಡಿಯಲು ಅವನಿಗೆ ಎಂಟು ವರ್ಷ ಬೇಕಾಯಿತು. ರಾಡ್ ಸ್ಟೂವರ್ಟ್ ಎಂಬ ಗಾಯಕನನ್ನು ಮುಂದಿಟ್ಟುಕೊಂಡು ಒಂದು ತಂಡ ಕಟ್ಟಿ 1968ರಲ್ಲಿ ‘ಟ್ರೂತ್’, 1969ರಲ್ಲಿ ‘ಬೆಕ್-ಓಲಾ’ ಎಂಬ ಮುದ್ರಿಕೆಗಳನ್ನು ತಂದನು, ತಂಡ ಒಡೆಯಿತು. ಅದೇ ವರ್ಷದ ಕೊನೆಯಲ್ಲಿ ಮೋಟಾರು ಅಪಘಾತವೊಂದರಲ್ಲಿ ತಲೆಗೆ ಭಾರಿ ಪೆಟ್ಟು ಬಿದ್ದು ಬಹುಕಾಲ ಕೆಲಸದಿಂದ ದೂರವಿರಬೇಕಾಯಿತು. 1971ರಲ್ಲಿ ಬಾಬಿ ಟೆಂಚ್ ಎಂಬ ಬೇರೊಬ್ಬ ಗಾಯಕನೊಡನೆ ಎರಡನೆಯ ತಂಡ. ಅದೂ ಮರುವರ್ಷವೇ ಮುಗಿಯಿತು. ಬಳಿಕ ಟಿಮ್ ಬೋಗರ್ಟ್, ಕಾರ್ಮೈನ್ ಅಪೀಸ್ ಎಂಬ ಇಬ್ಬರು ಅಮೆರಿಕನ್ನರೊಡನೆ ಮೂವರ ತಂಡ. 1974ರಲ್ಲಿ ಅದೂ ಚದುರಿತು. ಹೀಗೆ ಮೂವತ್ತನೆಯ ವಯಸ್ಸಿಗೆ ಬೆಕ್‌ನ ಕೈಯಲ್ಲಿ ತಂಡವಿಲ್ಲ, ಗಾಯಕನಿಲ್ಲ, ತನ್ನ ಕಂಠದಲ್ಲಿ ತನಗೆ ನಂಬಿಕೆಯಿಲ್ಲ. ಗಾಯಕನನ್ನು ಬಿಡುವುದೆಂಬ ನಿರ್ಧಾರದ ಹಿಂದೆ ಕಲಾತತ್ತ್ವವಿದ್ದಷ್ಟೇ ನಿರುಪಾಯವೂ ಇದ್ದಿತೆಂದು ನಮಗೆ ತೋರುತ್ತದೆ. ಕಲೆಯ ಚರಿತ್ರೆಯಲ್ಲಿ ಇದು ಅಪೂರ್ವವಲ್ಲ.

ನಿರುಪಾಯಕ್ಕೆ ಒಂದು ದಾರಿಯನ್ನು ತೋರಿಸಿದ್ದು ಆ ಕಾಲದ ಜಾಜ್-ರಾಕ್ ಸಂಗೀತ. ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲೆಂಡಿನ ಗಿಟಾರುವಾದಕನು 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಎಂಬ ಮೇಳವನ್ನು ಕಟ್ಟಿದ್ದನು. ‘ಮಹಾವಿಷ್ಣು’ ಎಂಬುದು ಅವನ ಗುರು ಶ್ರೀ ಚಿನ್ಮಯ್ ಅವರು ಅವನಿಗಿತ್ತ ಹೆಸರು. ಈ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸಮಾಡಿದವನು, ಮುಂದೆ ಎಲ್. ಶಂಕರ್, ಜಾಕಿರ್ ಹುಸೇನ್, ಟಿ. ಎಚ್. ವಿನಾಯಕರಾಮ್ ಮೊದಲಾದವರೊಡನೆ ‘ಶಕ್ತಿ’ ತಂಡವನ್ನು ಸ್ಥಾಪಿಸಿದವನು. ಅವನ ಆರ್ಕೆಸ್ಟ್ರಾದ ಆರಂಭದ ಸಂಗೀತದಲ್ಲಿ ಗಾಯನವಿರಲಿಲ್ಲ. ಗಿಟಾರು, ಪಿಟೀಲು, ಕೀಲಿಮಣೆ ವಾದ್ಯಗಳು ಒಂದರೊಡನೊಂದು ಸಂವಾದಿಸುತ್ತಿದ್ದವು. ಆ ಮೇಳದ ಡ್ರಮ್ಸ್ ವಾದಕ ಬಿಲ್ಲಿ ಕೋಬಮ್ 1973ರಲ್ಲಿ ತಂದ ‘ಸ್ಪೆಕ್ಟ್ರಮ್’ ಮುದ್ರಿಕೆಯೂ ಬೆಕ್‌ನ ಮೇಲೆ ಗಾಢವಾದ ಪರಿಣಾಮವನ್ನು ಮಾಡಿತು. 1974ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಲಂಡನ್ ಸಿಂಫನಿ ವಾದ್ಯಗೋಷ್ಠಿಯೊಡನೆ ‘ಅಪಾಕಲಿಪ್ಸ್’ ಎಂಬುದನ್ನು ಮುದ್ರಿಸಿತು. ಅದರ ನಿರ್ಮಾಪಕನು ಬೀಟಲ್ಸ್ ಮುದ್ರಿಕೆಗಳ ನಿರ್ಮಾಪಕನೆಂದು ಲೋಕವಿಖ್ಯಾತನಾದ ಜಾರ್ಜ್ ಮಾರ್ಟಿನ್. ಬೆಕ್ ತನ್ನ ಮುಂದಿನ ಕೆಲಸಕ್ಕೆ ಇದೇ ಮಾರ್ಟಿನ್ ಬಳಿ ಹೋದನು.

ಮುದ್ರಣವು 1974ರ ಅಕ್ಟೋಬರಿನಲ್ಲಿ ಲಂಡನ್ನಿನ ಏರ್ ಸ್ಟುಡಿಯೋದಲ್ಲಿ ನಡೆಯಿತು. ವಾದಕರು ನಾಲ್ವರೇ: ಗಿಟಾರಿಗೆ ಬೆಕ್, ಕೀಲಿಮಣೆಗೆ ಮ್ಯಾಕ್ಸ್ ಮಿಡಲ್ಟನ್, ಬೇಸ್ ಗಿಟಾರಿಗೆ ಜಮೈಕಾ ಮೂಲದ ಫಿಲ್ ಚೆನ್, ಡ್ರಮ್ಸ್‌ಗೆ ಟ್ರಿನಿಡಾಡ್ ಮೂಲದ ರಿಚರ್ಡ್ ಬೇಲಿ. ಇವರಲ್ಲಿ ಮಿಡಲ್ಟನ್ ಬೆಕ್‌ನ ಎರಡನೆಯ ತಂಡದಲ್ಲಿದ್ದವನು. ಅವನು ನುಡಿಸುವ ವಿದ್ಯುತ್ ಪಿಯಾನೋದ ಮೃದುವಾದ ಹಾಸಿನ ಮೇಲೆ ಗಿಟಾರು ನಡೆದಾಡುತ್ತದೆ. ಮಾರ್ಟಿನ್‌ನ ಕೆಲಸ ಎರಡು ಬಗೆಯದು. ಎರಡು ರಚನೆಗಳಿಗೆ ತಂತಿವಾದ್ಯಗಳ ಮೇಳವನ್ನು ಬರೆದು ಸೇರಿಸಿದ್ದು ಒಂದು. ಅದಕ್ಕಿಂತ ಮುಖ್ಯವಾದುದು, ತನ್ನ ವಾದನದಲ್ಲಿ ಎಂದೂ ತೃಪ್ತಿ ಕಾಣದ ಕಲಾವಿದನಿಗೆ ‘ಇಲ್ಲಿಗೆ ಸಾಕು’ ಎಂದು ಹೇಳಿದ್ದು. ನುಡಿಸಿದ್ದನ್ನೇ ಮತ್ತೆ ನುಡಿಸಬೇಕೆಂದು ಬೆಕ್ ಬೇಡುತ್ತಲೇ ಇದ್ದನೆಂದೂ, ಕೊನೆಗೊಮ್ಮೆ ಹೀಗೆಯೇ ಕೇಳಿದಾಗ ಮುದ್ರಿಕೆ ಆಗಲೇ ಅಂಗಡಿಗೆ ಹೋಗಿಯಾಗಿದೆಯೆಂದು ತಾನು ಹೇಳಬೇಕಾಯಿತೆಂದೂ ಮಾರ್ಟಿನ್ ನೆನೆಸಿಕೊಂಡಿದ್ದಾನೆ.

ಮುದ್ರಿಕೆಯನ್ನು ಕೇಳುವ ಮೊದಲು ವಾದ್ಯದ ವಿಷಯವನ್ನು ಸ್ವಲ್ಪ ವಿವರಿಸಬೇಕು. ವಿದ್ಯುತ್ ಗಿಟಾರಿನ ತಂತಿಗಳು ಉಕ್ಕಿನವು. ಅವುಗಳ ಕೆಳಗೆ, ಅಯಸ್ಕಾಂತಕ್ಕೆ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ‘ಪಿಕಪ್’ ಎಂಬ ಅಂಗವಿದೆ. ಉಕ್ಕಿನ ತಂತಿ ಕಂಪಿಸಿದಾಗ ಆ ಸುತ್ತಿನಲ್ಲಿ ಅಲ್ಪ ವಿದ್ಯುತ್ತು ಹುಟ್ಟಿ, ಆಂಪ್ಲಿಫಯರಿನಲ್ಲಿ ಹಿಗ್ಗಿ, ಲೌಡ್‌ಸ್ಪೀಕರಿನಲ್ಲಿ ಶಬ್ದವಾಗುತ್ತದೆ. ಇದರಿಂದ ಎರಡು ಫಲಗಳುಂಟು. ಮೊದಲನೆಯದು, ಮರದ ಪೊಳ್ಳು ಒಡಲಿನ ಗಿಟಾರಿನಲ್ಲಿ ಬೇಗನೆ ಆರಿಹೋಗುವ ಸ್ವರ ಇಲ್ಲಿ ದೀರ್ಘವಾಗಿ ನಿಲ್ಲುತ್ತದೆ. ಎರಡನೆಯದು, ತೆಳುವಾದ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಸ್ವರವು ತಾನಿದ್ದ ಸ್ಥಾನವನ್ನು ಬಿಟ್ಟು ಮೇಲಿನ ಸ್ವರಕ್ಕೆ ಜಾರುತ್ತದೆ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಮೇಲಿನ ಸ್ವರಗಳನ್ನು ಬರಿಸುವುದನ್ನು ಕಂಡ ನಮ್ಮವರಿಗೆ ಇದು ಹೊಸದಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಮೀಟುವ ವಾದ್ಯಕ್ಕೆ ಕಂಠದ ಎರಡು ಗುಣಗಳು, ಉಸಿರಿನ ದೈರ್ಘ್ಯ ಮತ್ತು ಸ್ವರದಿಂದ ಸ್ವರಕ್ಕೆ ಜಾರುವ ಶಕ್ತಿ, ವಿದ್ಯುತ್ತಿನಿಂದ ಲಭಿಸಿದವು. ಕಂಠಕ್ಕಿರುವ ಮೂರನೆಯ ಗುಣ, ಎಂದರೆ ಅಕ್ಷರವನ್ನು ಉಚ್ಚರಿಸುವ ಶಕ್ತಿ, ಲಭಿಸಲಿಲ್ಲ.

ಆ ಮೂರನೆಯದನ್ನೂ ದಕ್ಕಿಸಿಕೊಳ್ಳುವ ಒಂದು ಪ್ರಯತ್ನ ಈ ಮುದ್ರಿಕೆಯಲ್ಲಿಯೇ ಇದೆ. ಎರಡನೆಯ ರಚನೆಯಾದ ‘ಷೀ ಈಸ್ ಎ ವುಮನ್’ ಮೂಲತಃ ಬೀಟಲ್ಸ್ ತಂಡದ 1964ರ ಹಾಡು. ಅದನ್ನು ಆಗ ಮುದ್ರಿಸಿದವನೂ ಜಾರ್ಜ್ ಮಾರ್ಟಿನ್‌ನೇ. ಬೆಕ್‌ನ ತಂಡವು ಅದನ್ನು ಜಮೈಕಾದ ರೆಗ್ಗೆ ನಡೆಯಲ್ಲಿ, ಸಾವಕಾಶವಾಗಿ ನುಡಿಸುತ್ತದೆ. ಇಲ್ಲಿ ಬೆಕ್ ‘ಟಾಕ್ ಬಾಕ್ಸ್’ ಎಂಬ ಸಾಧನವನ್ನು ಉಪಯೋಗಿಸಿದ್ದಾನೆ. ಆಂಪ್ಲಿಫಯರಿನಿಂದ ಬರುವ ಗಿಟಾರಿನ ಶಬ್ದವನ್ನು ಒಂದು ಪ್ಲಾಸ್ಟಿಕ್ ಕೊಳವೆಯ ಮೂಲಕ ವಾದಕನ ಬಾಯೊಳಕ್ಕೆ ಹಾಯಿಸುತ್ತಾರೆ. ವಾದಕನು ದನಿಯೆತ್ತದೆ, ಹಾಡುವವನಂತೆ ಬಾಯಿಯನ್ನು ಮಾತ್ರ ಆಡಿಸುತ್ತಾನೆ. ಬಾಯಿಂದ ಹೊರಬಂದ ಶಬ್ದವನ್ನು ಎದುರಿನ ಮೈಕ್ರೋಫೋನು ಹಿಡಿಯುತ್ತದೆ. ಧ್ವನಿಶಾಸ್ತ್ರವನ್ನು ಓದಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುವುದು. ‘ಅ’, ‘ಇ’, ‘ಉ’ ಎಂಬ ಸ್ವರಾಕ್ಷರಗಳ ಭೇದವು ಕಂಠದಲ್ಲಿ ಹುಟ್ಟುವುದಲ್ಲ, ನಾಲಗೆ ತುಟಿಗಳು ಬಾಯಿಗೆ ಕೊಡುವ ಆಕಾರದಲ್ಲಿ ಹುಟ್ಟುವುದು. ಕಂಠದ ನಾದಕ್ಕೆ ಬದಲಾಗಿ ಗಿಟಾರಿನ ನಾದವನ್ನು ಬಾಯಿಗೆ ಕೊಟ್ಟರೂ ಅಕ್ಷರಗಳು ಮೂಡುತ್ತವೆ. ಹೀಗೆ ‘ಷೀ ಈಸ್ ಎ ವುಮನ್’ ರಚನೆಯಲ್ಲಿ ಗಿಟಾರು ಅಕ್ಷರಶಃ ಮಾತಾಡುತ್ತದೆ. ಹಾಡನ್ನು ಬಲ್ಲವರಿಗೆ ಪದಗಳು ಕೇಳುತ್ತವೆ.

ಕೇಳುವುದಕ್ಕೆ ಇದು ವಿನೋದವಾಗಿದೆ. ಆದರೆ ಎರಡನೆಯ ಸಲ ಕೇಳಿದಾಗ ವಿನೋದ ಮಾತ್ರ ಉಳಿಯುತ್ತದೆ. ಯಂತ್ರವು ಮಾತಾಡಿತಲ್ಲ ಎಂಬ ಆಶ್ಚರ್ಯವೇ ಮುಂದಾಗಿ, ಹಾಡಿನ ಭಾವ ಹಿಂದಾಗುತ್ತದೆ. ಗಿಳಿ ಮಾತಾಡಿದಾಗ ನಾವು ಮೆಚ್ಚುವುದು ಮಾತಿನ ಅರ್ಥವನ್ನಲ್ಲವಷ್ಟೆ.

ಇದಕ್ಕೆ ಎದುರಾಗಿ, ಎರಡನೆಯ ಮಗ್ಗುಲಿನ ಮೊದಲ ರಚನೆಯಾದ ‘ಕಾಸ್ ವೀ ಹ್ಯಾವ್ ಎಂಡೆಡ್ ಆಸ್ ಲವರ್ಸ್’ ಎಂಬುದನ್ನು ಇಡಬೇಕು. ‘ನಾವಿನ್ನು ಪ್ರೇಮಿಗಳಾಗಿ ಉಳಿದಿಲ್ಲವಾದುದರಿಂದ’ ಎಂದು ಹೆಸರಿನ ಭಾವ. ಇದನ್ನು ರಚಿಸಿದವನು ಅಮೆರಿಕದ ಸ್ಟೀವಿ ವಂಡರ್. 1972ರಲ್ಲಿ ಅವನ ‘ಟಾಕಿಂಗ್ ಬುಕ್’ ಮುದ್ರಿಕೆಯ ಒಂದು ಹಾಡಿಗೆ ಬೆಕ್ ಗಿಟಾರು ನುಡಿಸಿದ್ದನು. ಆ ಕಾಲದಲ್ಲಿ ಹುಟ್ಟಿದ ‘ಸೂಪರ್‌ಸ್ಟಿಷನ್’ ಎಂಬ ಹಾಡು ಬೆಕ್‌ಗೆ ಸಲ್ಲಬೇಕೆಂದಿದ್ದರೂ, ವಂಡರ್‌ನ ಹೆಸರಿನಲ್ಲಿಯೇ ಮೊದಲು ಹೊರಬಂದು ಅಪಾರವಾದ ಯಶಸ್ಸನ್ನು ಗಳಿಸಿತು. ಆ ಋಣವನ್ನು ತೀರಿಸಲೆಂದೇ ವಂಡರ್ ಮುಂದೆ ಎರಡು ರಚನೆಗಳನ್ನು ಬೆಕ್‌ಗೆ ಕೊಟ್ಟನೆಂದು ಹೇಳುವುದುಂಟು. ಅವುಗಳಲ್ಲಿ ‘ಥೆಲೋನಿಯಸ್’ ಒಂದು, ಇದು ಇನ್ನೊಂದು. ಈ ಎರಡನೆಯದಕ್ಕೆ ಮೊದಲೇ ಸಾಹಿತ್ಯವಿತ್ತು. 1974ರಲ್ಲಿ ಸಿರೀಟಾ ರೈಟ್ ಎಂಬ ಗಾಯಕಿ ಇದನ್ನು ತನ್ನ ಮುದ್ರಿಕೆಯಲ್ಲಿ ಹಾಡಿದ್ದಾಳೆ. ಸಿರೀಟಾ ವಂಡರ್‌ನ ಹೆಂಡತಿಯಾಗಿದ್ದವಳು. 1972ರಲ್ಲಿ ಅವರ ವಿವಾಹ ವಿಚ್ಛೇದವಾಗಿತ್ತು. ಮುರಿದ ಪ್ರೇಮದ ಹಾಡನ್ನು ಬರೆದವನು ಅಗಲಿದ ಗಂಡ, ಹಾಡಿದವಳು ಅಗಲಿದ ಹೆಂಡತಿ. ಮಾತುಗಳಿಗೆ ಇದಕ್ಕಿಂತ ಹೆಚ್ಚಾದ ಆಧಾರ ಬೇರೆಲ್ಲಿ ದೊರೆತೀತು? ಆ ಮಾತುಗಳನ್ನೆಲ್ಲ ತೆಗೆದುಹಾಕಿ, ಈ ಇಬ್ಬರ ಬಾಳಿಗೂ ಹೊರಗಿನವನಾದ ಒಬ್ಬ ಇಂಗ್ಲೆಂಡಿನ ವಾದಕನು ಅದನ್ನು ನುಡಿಸಿದನು. ಸಿರೀಟಾಳ ಹಾಡು ಅಷ್ಟಾಗಿ ಪ್ರಚಾರಕ್ಕೆ ಬಂದುದಲ್ಲವಾದ್ದರಿಂದ, ‘ಬ್ಲೋ ಬೈ ಬ್ಲೋ’ ಕೇಳಿದ ಬಹುಮಂದಿಗೆ ಅದರ ಸಾಹಿತ್ಯವೇ ತಿಳಿಯದು. ಆದರೂ ಬೆಕ್‌ನ ವಾದನಗಳಲ್ಲೆಲ್ಲ ಜನರು ಹೆಚ್ಚು ಪ್ರೀತಿಸಿದ್ದು ಇದನ್ನೇ.

ಇದು ಹೇಗಾಯಿತೆಂಬುದನ್ನು ಅವನ ಕೈಯ ಕೆಲಸದಲ್ಲಿ ಹುಡುಕಬೇಕು. ತಂತಿಯನ್ನು ಮೀಟಿದಾಗ ಮೊದಲು ‘ಟಣ್’ ಎಂಬ ಆಘಾತ, ಅದರ ಹಿಂದೆ ಕ್ಷೀಣಿಸುತ್ತ ಹೋಗುವ ನಾದ. ಇದು ಮೀಟುವ ವಾದ್ಯಗಳೆಲ್ಲದರ ಸ್ವಭಾವ. ಮನುಷ್ಯಕಂಠದ ಸ್ವಭಾವ ಹಾಗಲ್ಲ. ದನಿ ಮೆಲ್ಲನೆ ಮೂಡಿ, ತುಂಬಿ, ಇಳಿಯುತ್ತದೆ. ಈ ರಚನೆಯ ಆರಂಭದಲ್ಲಿ ಬೆಕ್ ಗಿಟಾರಿನ ಶಬ್ದವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಮುಚ್ಚಿಟ್ಟು ತಂತಿಯನ್ನು ಮೀಟುತ್ತಾನೆ; ಆಘಾತ ಕಳೆದ ಮೇಲೆ ಕಿರುಬೆರಳಿನಿಂದ ಗುಂಡಿಯನ್ನು ತಿರುಗಿಸುತ್ತಾನೆ. ಹುಟ್ಟು ಕಾಣದ ಸ್ವರವೊಂದು ದೂರದಿಂದ ತೇಲಿಬಂದಂತೆ ಕೇಳುತ್ತದೆ. ಗಿಟಾರು ಎಂಬುದೇ ಒಂದು ಕ್ಷಣ ಮರೆಯುತ್ತದೆ. ಈ ಕೌಶಲದಲ್ಲಿ ಪ್ರವೀಣನಾಗಿದ್ದವನು ರಾಯ್ ಬುಕಾನನ್ ಎಂಬ ಅಮೆರಿಕದ ವಾದಕ. ಬೆಕ್ ಈ ರಚನೆಯನ್ನು ಅವನಿಗೇ ಅರ್ಪಿಸಿದ್ದಾನೆ. ಬಳಸಿದ ವಾದ್ಯವೂ ವಿಶೇಷವಾದುದು. ಸೆಮೂರ್ ಡಂಕನ್ ಎಂಬ ಕುಶಲಿಯು ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ ಗಿಟಾರಿಗೆ ಗಿಬ್ಸನ್ ಕಂಪನಿಯ ಪಿಕಪ್‌ಗಳನ್ನು ಕೂರಿಸಿ ಬೆಕ್‌ಗಾಗಿ ಮಾಡಿಕೊಟ್ಟದ್ದು. ಒಂದರ ಚುರುಕೂ ಮತ್ತೊಂದರ ತುಂಬುದನಿಯೂ ಅದರಲ್ಲಿ ಸೇರಿದ್ದವು.

ಬಳಿಕ ಮಟ್ಟು ಆರಂಭವಾಗುತ್ತದೆ. ಬೆಕ್ ಅದನ್ನು ಮೊದಲು ಬದಲಾಯಿಸುವುದಿಲ್ಲ. ಹಾಡುವವಳು ಎಲ್ಲಿ ಉಸಿರೆಳೆದುಕೊಳ್ಳುವಳೋ ಅಲ್ಲಿ ನಿಲ್ಲುತ್ತಾನೆ. ಒಂದು ಮಾತನ್ನು ಹೇಳಲಾರದೆ ಹೇಳುವವರು ತಡವರಿಸುವಂತೆ, ಸ್ವರವನ್ನು ಅದರ ಸ್ಥಾನಕ್ಕೆ ಒಮ್ಮೆಗೇ ತಲುಪಿಸದೆ ಸ್ವಲ್ಪ ಕೆಳಗೆ ಹಿಡಿದು, ತಡೆದು, ಆಮೇಲೆ ಏರಿಸುತ್ತಾನೆ. ಇಲ್ಲಿ ಅಕ್ಷರವಿಲ್ಲ, ಅಕ್ಷರವನ್ನು ಉಚ್ಚರಿಸುವಾಗಿನ ಹಿಂಜರಿಕೆಯಿದೆ. ನಡುವಿನಿಂದ ಮುಂದಕ್ಕೆ ವಾದನವು ಮಟ್ಟನ್ನು ಬಿಟ್ಟು ಸ್ವತಂತ್ರವಾಗುತ್ತದೆ, ಒರಟಾಗುತ್ತದೆ, ಒಂದೆರಡು ಕಡೆ ಕಿರುಚುತ್ತದೆ. ಆದರೂ ಸ್ವರಗಳ ಸಂಖ್ಯೆ ಹೆಚ್ಚಿತೆಂಬ ಭಾವನೆ ಬರುವುದಿಲ್ಲ. ವೇಗದಲ್ಲಿ ಬೆಕ್‌ನನ್ನು ಮೀರಿಸಿದ ವಾದಕರು ಅವನ ಕಾಲದಲ್ಲಿಯೇ ಇದ್ದರು. ನಿಲ್ಲಬೇಕಾದಲ್ಲಿ ನಿಲ್ಲುವುದರಲ್ಲಿ ಅವನಿಗೆ ಸಮನಾದವರು ವಿರಳ.

ನಮ್ಮ ಕರ್ಣಾಟಕ ಸಂಗೀತದ ಪದ್ಧತಿಯನ್ನು ಇಲ್ಲಿ ನೆನೆಯುವುದು ಪ್ರಯೋಜನಕರ. ನಮ್ಮ ವೈಣಿಕರು ನುಡಿಸುವ ಕೃತಿಗಳು ಬಹುಮಟ್ಟಿಗೆ ಹಾಡುವುದಕ್ಕೆಂದು ರಚಿತವಾದವು. ಸಾಹಿತ್ಯದ ಅಕ್ಷರಕ್ಕೆ ಸರಿಯಾಗಿ ಮೀಟು ಬೀಳಬೇಕೆಂದು ಬಲ್ಲವರು ವಿಧಿಸುತ್ತಾರೆ. ಕೇಳುವ ರಸಿಕನಿಗೂ ಸಾಹಿತ್ಯ ಬಾಯಿಪಾಠವಾಗಿರುವುದರಿಂದ, ವೀಣೆ ನುಡಿದಂತೆ ಅವನ ಮನಸ್ಸು ಹಾಡಿಕೊಳ್ಳುತ್ತದೆ. ಆದಕಾರಣ ಅಲ್ಲಿ ಮಾತು ನಿಜವಾಗಿ ಹೋಗಿಲ್ಲ, ಕೇಳುವವನ ಕಡೆಗೆ ಸರಿದಿದೆ. ‘ಷೀ ಈಸ್ ಎ ವುಮನ್’ ಇದೇ ಬಗೆಯದು, ಏಕೆಂದರೆ ಬೀಟಲ್ಸ್ ಹಾಡಿನ ಪದಗಳು ಎಲ್ಲರಿಗೂ ಗೊತ್ತು. ಸ್ಟೀವಿ ವಂಡರ್‌ನ ರಚನೆಯಲ್ಲಿ ಈ ಆಸರೆಯೂ ಇಲ್ಲ. ಹಾಗಾದರೆ ನಾವು ಅದರಲ್ಲಿ ಕಾಣುವ ದುಃಖ ಮಟ್ಟಿನಲ್ಲಿದೆಯೋ ಅಥವಾ ಹೆಸರಿನಲ್ಲಿ ಮಾತ್ರ ಇದೆಯೋ? ಹೆಸರೊಂದೇ ತಾನೆ ಅಲ್ಲಿ ಉಳಿದಿರುವ ಮಾತು!

ಆಕ್ಷೇಪ ಹಳೆಯದು. ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್ಸ್‌ಲಿಕ್ 1854ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸಂಗೀತವು ನಿರ್ದಿಷ್ಟವಾದ ಭಾವವನ್ನು ತಿಳಿಸಲಾರದು, ಅದರ ಸೌಂದರ್ಯವಿರುವುದು ನಾದದ ಚಲನೆಯ ಆಕೃತಿಗಳಲ್ಲಿ ಎಂದು ವಾದಿಸಿದನು. ಅವನು ಕೊಟ್ಟ ಉದಾಹರಣೆ ಪ್ರಸಿದ್ಧವಾದುದು: ಗ್ಲುಕ್‌ನ ಗೀತನಾಟಕದಲ್ಲಿ ಓರ್ಫಿಯಸ್ ತನ್ನ ಪ್ರಿಯೆ ಯೂರಿಡಿಸಳನ್ನು ಕಳೆದುಕೊಂಡು ಹಾಡುವ ಹಾಡಿನ ಮಟ್ಟಿಗೆ, ಅವಳನ್ನು ಪಡೆದುಕೊಂಡ ಸಂತೋಷದ ಮಾತುಗಳನ್ನು ಜೋಡಿಸಿದರೂ ಅಷ್ಟೇ ಚೆನ್ನಾಗಿ ಒಪ್ಪುವುದು. ನಮ್ಮ ಆನಂದವರ್ಧನನು ಇದಕ್ಕೆ ಸಾವಿರ ವರ್ಷ ಮೊದಲೇ, ಒಂಬತ್ತನೆಯ ಶತಮಾನದಲ್ಲಿ, ಬೇರೊಂದು ಪಕ್ಷವನ್ನು ಹಿಡಿದಿದ್ದನು. ವಾಚ್ಯಾರ್ಥವಿಲ್ಲದ ಗೀತದ ಶಬ್ದಗಳಿಂದಲೂ ರಸಾದಿಗಳು ತೋರುವುದನ್ನು ನಾವು ಕಾಣುತ್ತೇವೆ. ಆದ್ದರಿಂದ ವ್ಯಂಜಕತ್ವವು ವಾಚಕತ್ವವನ್ನು ಅವಲಂಬಿಸಿಯೇ ಇರಬೇಕೆಂಬ ನಿಯಮವಿಲ್ಲ ಎಂಬುದು ‘ಧ್ವನ್ಯಾಲೋಕ’ದ ಅಭಿಪ್ರಾಯ. ಧ್ವನಿತತ್ತ್ವವನ್ನು ಸ್ಥಾಪಿಸುವಾಗ ಕಾವ್ಯಮೀಮಾಂಸಕನು ಸಂಗೀತವನ್ನು ಸಾಕ್ಷಿಗೆ ಕರೆದದ್ದು ಗಮನಾರ್ಹ.

‘ಬ್ಲೋ ಬೈ ಬ್ಲೋ’ ಈ ಎರಡು ಪಕ್ಷಗಳ ನಡುವೆ ನಮಗೊಂದು ದಾರಿ ತೋರಿಸುವಂತಿದೆ. ಹಾನ್ಸ್‌ಲಿಕ್ ವಿಚಾರಮಾಡಿದ್ದು ಬರೆದಿಟ್ಟ ಮಟ್ಟನ್ನು ಕುರಿತು. ಬರೆದ ಮಟ್ಟು ಹರ್ಷಕ್ಕೂ ಶೋಕಕ್ಕೂ ಒದಗಿದರೆ ಒದಗಲಿ. ಬೆಕ್‌ನಲ್ಲಿ ನಾವು ಕೇಳುವುದು ಬರೆದ ಮಟ್ಟನ್ನಲ್ಲ, ಅದನ್ನು ಉಚ್ಚರಿಸಿದ ರೀತಿಯನ್ನು. ಸ್ವರದ ಸ್ಥಾನಕ್ಕೆ ತಲುಪುವಲ್ಲಿನ ವಿಳಂಬ, ಇಳಿಯುವಾಗಿನ ನಡುಕ, ಎರಡು ವಾಕ್ಯಗಳ ನಡುವಣ ಮೌನ, ಇವು ಸ್ವರಲಿಪಿಯಲ್ಲಿ ನಿಲ್ಲತಕ್ಕವಲ್ಲ. ಇದೇ ಮಟ್ಟನ್ನು ಪಿಯಾನೋದಲ್ಲಿ ಬಿಡಿ ಸ್ವರಗಳಾಗಿ ನುಡಿಸಿದರೆ ಹಾನ್ಸ್‌ಲಿಕ್‌ನ ಮಾತೇ ಗೆದ್ದೀತು. ಹೆಸರು ದುಃಖದ ಸಂದರ್ಭವನ್ನು ಸೂಚಿಸುತ್ತದೆ ನಿಜ. ಅದಿಲ್ಲದಿದ್ದರೆ ಇದು ಪ್ರೇಮಭಂಗದ ದುಃಖವೋ ಮರಣದ ದುಃಖವೋ ಎಂದು ಹೇಳಲಾರೆವು. ಆದರೆ ಇದು ನಗುವವನ ದನಿಯಲ್ಲ ಎಂಬುದನ್ನು ತಿಳಿಯಲು ಹೆಸರು ಬೇಕಿಲ್ಲ. ಮಾತು ಹೋದಾಗ ವಿಷಯ ಹೋಗುತ್ತದೆ, ಕಾಕು ಉಳಿಯುತ್ತದೆ. ಟಾಕ್ ಬಾಕ್ಸಿನಲ್ಲಿ ಆದದ್ದು ಇದರ ವಿಪರೀತ: ಅಕ್ಷರ ಉಳಿದು ಕಾಕು ಹೋಯಿತು.

ಮುದ್ರಿಕೆಯ ಉಳಿದ ರಚನೆಗಳನ್ನು ಇದೇ ದೃಷ್ಟಿಯಿಂದ ನೋಡಬಹುದು. ಒಟ್ಟು ಒಂಬತ್ತರಲ್ಲಿ ‘ಕಾನ್ಸ್ಟಿಪೇಟೆಡ್ ಡಕ್’, ‘ಏರ್ ಬ್ಲೋವರ್’ ಮುಂತಾದುವು ನಾಲ್ವರೂ ಕೂಡಿ ಒಂದು ನಡೆಯನ್ನು ಹಿಡಿದು ಆಡಿದ ಆಟಗಳು. ಮೊದಲನೆಯದರ ಹೆಸರು ಮಲಬದ್ಧತೆಯಿಂದ ಬಳಲುವ ಬಾತುಕೋಳಿ. ಬೆಕ್‌ನ ಹಾಸ್ಯಪ್ರವೃತ್ತಿಗೆ ಅದು ಸಾಕ್ಷಿ, ಸಂಗೀತಕ್ಕೂ ಅದಕ್ಕೂ ಸಂಬಂಧವನ್ನು ಹುಡುಕಬೇಕಾಗಿಲ್ಲ. ಲಯದ ಉಲ್ಲಾಸ ಇವುಗಳಲ್ಲಿದೆ, ಆದರೆ ಕೇಳಿ ಮುಗಿದ ಮೇಲೆ ಗುನುಗಿಕೊಳ್ಳಲು ಹೆಚ್ಚೇನೂ ಉಳಿಯದು. ‘ಸ್ಕ್ಯಾಟರ್‌ಬ್ರೇನ್’ ಒಂಬತ್ತು ಎಣಿಕೆಯ ಆವರ್ತದಲ್ಲಿ ಓಡುವ ರಚನೆ. ಬೆರಳಭ್ಯಾಸದ ಪಾಠದಂತಹ ಒಂದು ಸ್ವರಪಂಕ್ತಿಯನ್ನು ಅಸಾಧಾರಣ ವೇಗದಲ್ಲಿ ಸುತ್ತಿಸಿ, ಅದರ ಬೆನ್ನಿಗೆ ಮಾರ್ಟಿನ್‌ನ ತಂತಿವಾದ್ಯಗಳನ್ನು ಹತ್ತಿಸಿದೆ. ಮಿಡಲ್ಟನ್ ರಚಿಸಿದ ‘ಫ್ರೀವೇ ಜಾಮ್’ ಬೆಕ್‌ನ ಕಚೇರಿಗಳಲ್ಲಿ ಬಹುಕಾಲ ಉಳಿದುಬಂದಿತು. ಕೊನೆಯದಾದ ‘ಡೈಮಂಡ್ ಡಸ್ಟ್’ ಬರ್ನೀ ಹಾಲೆಂಡ್‌ನ ರಚನೆ. ಐದು ಎಣಿಕೆಯ ನಡೆ, ಎಂಟು ನಿಮಿಷಕ್ಕೂ ಮಿಕ್ಕ ಅವಧಿ. ಇಲ್ಲಿಯೂ ಮಾರ್ಟಿನ್ ತಂತಿವಾದ್ಯಗಳ ಮೇಳವನ್ನು ಬಳಸಿದ್ದಾನೆ. ಅನೇಕರು ಇದನ್ನು ಮೆಚ್ಚುತ್ತಾರೆ. ನಮಗಾದರೋ, ಗಿಟ್ಟಾರು ಹೇಳದೆ ಬಿಟ್ಟದ್ದನ್ನು ತಂತಿವಾದ್ಯಗಳು ಮುಂಬಂದು ಹೇಳಿಬಿಡುತ್ತವೆ ಎನ್ನಿಸುತ್ತದೆ. ಮಾತನ್ನು ಬಿಟ್ಟ ಕಲೆಗೆ ವ್ಯಾಖ್ಯಾನಕಾರನ ಕಾಟ ಬೇರೆ ಏಕೆ?

1975ರ ಮಾರ್ಚಿನಲ್ಲಿ ಎಪಿಕ್ ಕಂಪನಿಯು ಮುದ್ರಿಕೆಯನ್ನು ಹೊರತಂದಿತು. ಗಾಯಕನಿಲ್ಲದ ಈ ಪದಾರ್ಥ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಕಾಲಕ್ರಮದಲ್ಲಿ ಹತ್ತು ಲಕ್ಷ ಪ್ರತಿಗಳಿಗೆ ಸಲ್ಲುವ ‘ಪ್ಲಾಟಿನಮ್’ ಮನ್ನಣೆಯನ್ನೂ ಪಡೆಯಿತು. ಅದೇ ವರ್ಷ ಬೆಕ್ ಅಮೆರಿಕದಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದೊಡನೆ ಸಂಚಾರ ಮಾಡಿದನು. 1976ರಲ್ಲಿ ಬಂದ ‘ವೈರ್ಡ್’ ಮುದ್ರಿಕೆಯನ್ನು ಆ ಆರ್ಕೆಸ್ಟ್ರಾದಲ್ಲಿದ್ದ ಯಾನ್ ಹ್ಯಾಮರ್, ನಾರದ ಮೈಕೆಲ್ ವಾಲ್ಡನ್ ಇವರ ನೆರವಿನಿಂದ ರೂಪಿಸಿದನು. ಬೆಕ್ ತೆರೆದ ದಾರಿಯಲ್ಲಿ ಮುಂದೆ ಹಲವರು ನಡೆದರು. ಜೋ ಸ್ಯಾಟ್ರಿಯಾನಿಯ 1987ರ ‘ಸರ್ಫಿಂಗ್ ವಿತ್ ದ ಏಲಿಯನ್’ ಅವುಗಳಲ್ಲಿ ಹೆಸರಾದುದು. 1980ರಿಂದ 2011ರವರೆಗೆ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ರಾಕ್ ವಾದ್ಯಸಂಗೀತಕ್ಕೆಂದೇ ಒಂದು ವಿಭಾಗವಿತ್ತು. ಅದನ್ನು ಬೆಕ್ ಆರು ಬಾರಿ ಪಡೆದನು. ಮುದ್ರಿಕೆಯ ಹೊದಿಕೆಯ ಮೇಲಿನ ಚಿತ್ರದಲ್ಲಿ ಅವನು ಹಿಡಿದಿರುವ ಕಡುಗಂದು ಬಣ್ಣದ 1954ರ ಲೆಸ್ ಪಾಲ್ ಗಿಟಾರು, ಅವನು 2023ರ ಜನವರಿ 10ರಂದು ತೀರಿಕೊಂಡ ಎರಡು ವರ್ಷಗಳ ಮೇಲೆ ಲಂಡನ್ನಿನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಕ್ಕ ಬೆಲೆಗೆ ಹೋಯಿತು.

ಕಂಠವನ್ನು ಗುರುವಾಗಿ ಇಟ್ಟುಕೊಳ್ಳುವ ಕ್ರಮವನ್ನು ಬೆಕ್ ಕೊನೆಯವರೆಗೂ ಬಿಡಲಿಲ್ಲ. 1980ರ ದಶಕದಲ್ಲಿ ಮೀಟುವ ಚಿಪ್ಪನ್ನು ತ್ಯಜಿಸಿ ಬರಿಯ ಬೆರಳುಗಳಿಂದ ನುಡಿಸತೊಡಗಿದನು. ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್ ಗಿಟಾರಿನ ಕುದುರೆಗೆ ಜೋಡಿಸಿದ ಒಂದು ಕಂಬಿಯುಂಟು. ಒತ್ತಿದರೆ ಆರೂ ತಂತಿಗಳು ಸಡಿಲಗೊಂಡು ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಸಾಮಾನ್ಯರು ಅಬ್ಬರಕ್ಕೆ ಉಪಯೋಗಿಸುವ ಈ ಕಂಬಿಯನ್ನು ಬೆಕ್ ಗಮಕಕ್ಕೆ ಉಪಯೋಗಿಸಿದನು. 1989ರ ‘ವೇರ್ ವರ್ ಯೂ’ ಎಂಬ ರಚನೆಗೆ ಪ್ರೇರಣೆ ಬಲ್ಗೇರಿಯದ ಸ್ತ್ರೀಯರ ಸಮೂಹಗಾನ. 1998ರಲ್ಲಿ ಜಾರ್ಜ್ ಮಾರ್ಟಿನ್‌ನ ‘ಇನ್ ಮೈ ಲೈಫ್’ ಸಂಕಲನಕ್ಕಾಗಿ ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ ಹಾಡನ್ನು ನುಡಿಸಿದನು. ಈ ಬಾರಿ ಬಾಯಲ್ಲಿ ಕೊಳವೆಯಿರಲಿಲ್ಲ.

ನಮ್ಮ ಕಿವಿಗೆ ಅತಿ ಸಮೀಪವಾದುದು 2001ರ ‘ಯೂ ಹ್ಯಾಡ್ ಇಟ್ ಕಮಿಂಗ್’ ಮುದ್ರಿಕೆಯ ‘ನಾದಿಯಾ’. ಇಂಗ್ಲೆಂಡಿನಲ್ಲಿ ಹುಟ್ಟಿದ ಭಾರತೀಯ ಮೂಲದ ನಿತಿನ್ ಸಾಹ್ನಿ 1999ರ ತಮ್ಮ ‘ಬಿಯಾಂಡ್ ಸ್ಕಿನ್’ ಮುದ್ರಿಕೆಗಾಗಿ ಇದನ್ನು ರಚಿಸಿದ್ದರು; ಅಲ್ಲಿ ಹಿಂದೂಸ್ತಾನಿ ಪದ್ಧತಿಯ ಗಾಯಕಿ ಸ್ವಾತಿ ನಾಟೇಕರ್ ಇದನ್ನು ಹಿಂದಿಯಲ್ಲಿ ಹಾಡಿದ್ದಾರೆ. ಬೆಕ್ ಆಕೆಯ ಗಾಯನವನ್ನು ಎಳೆಯೆಳೆಯಾಗಿ ಹಿಂಬಾಲಿಸುತ್ತಾನೆ. ಆಕೆ ಮೀಂಡಿನಲ್ಲಿ ಜಾರಿದಲ್ಲಿ ಗಿಟಾರು ಜಾರುತ್ತದೆ. ಕೊರಳು ಸಣ್ಣಗೆ ತಿರುಗಿದ ಕಡೆ ಕಂಬಿಯ ಮೇಲಿನ ಅಂಗೈ ಅಷ್ಟೇ ಸಣ್ಣಗೆ ಅಲುಗುತ್ತದೆ. ಮಾತಿನ ಅರ್ಥವನ್ನು ನೆಚ್ಚಿ ನುಡಿಸಿದ್ದು ಇದಲ್ಲ. ಎರಡು ಮುದ್ರಿಕೆಗಳನ್ನೂ ಒಂದರ ಹಿಂದೊಂದು ಕೇಳಿದರೆ, ಉಸಿರಿನ ತಾಣಗಳು ಕೂಡ ಬಹುತೇಕ ಅವೇ ಆಗಿರುವುದು ವಿದ್ಯಾರ್ಥಿಗಳ ಗಮನಕ್ಕೆ ಬಂದೀತು; ಉಸಿರೆಳೆಯಬೇಕಾದ ಅಗತ್ಯ ಗಿಟಾರಿಗೆ ಇಲ್ಲ.